ಹೊಲ ಬರೆದುಕೊಟ್ಟ ದೇಸಾಯರು



ಈ ಸಲ ನಾನು ಶಿರಸಂಗಿ ಲಿಂಗರಾಜ ದೇಸಾಯಿಯವರ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ.

ಲಿಂಗರಾಜರು 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದರು. ಮೊದಲಿನ ಹೆಸರು ರಾಮಪ್ಪ. ಶಿರಸಂಗಿ ದೇಸಾಯರ ಮನೆಗೆ ದತ್ತಕ ಹೋದ ಮೇಲೆ ಲಿಂಗರಾಜ ಎಂದು ಹೆಸರಾಯಿತು. ಶಿರಸಂಗಿ ಇರುವುದು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ. ಆದರೆ ಆ ದೇಸಗತಿಗೆ ನಮ್ಮ ನವಲಗುಂದವೂ ಸೇರಿತ್ತು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲನೇ ಅಧಿವೇಶನ ನಡೆದಾಗ ಇವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರ ಬರೆದಿಟ್ಟಿದ್ದರು. ಅದರಿಂದಲೇ ನವಲಗುಂದ-ಶಿರಸಂಗಿ ಟ್ರಸ್ಟ್ ಆಯಿತು. ಎಷ್ಟೋ ಬಡ ಹುಡುಗರು ಅದರ ವಿದ್ಯಾರ್ಥಿವೇತನದಿಂದ ಓದಿದರು. ಬೆಳಗಾವಿಯಲ್ಲಿ 1933ರಲ್ಲಿ ಸುರುವಾದ ಲಿಂಗರಾಜ ಕಾಲೇಜಿಗೆ ಇವರದೇ ಹೆಸರು.

ಇದನ್ನು ಓದಿ ಹೇಳಿದಾಗ ನಮ್ಮ ಅಜ್ಜ, "ಹೊಲ ದೇಸಾಯರದು ಖರೆ. ಬೆವರು ಯಾರದು?" ಅಂದ. ನನಗೆ ಉತ್ತರ ಹೊಳೀಲಿಲ್ಲ. ರಾತ್ರಿ ವಿಚಾರ ಮಾಡಿದೆ. ಅಜ್ಜನ ಮಾತೂ ಖರೆ ಐತಿ. ಎರಿ ಹೊಲದಾಗ ರಂಟೆ ಹೊಡೆದವರ, ಕಳೆ ತೆಗೆದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಹೊಲ ಇದ್ದವರು ಬಹಳ ಮಂದಿ ಇದ್ದರು. ಅದನ್ನು ಸಾಲಿಗೆ ಬರೆದುಕೊಟ್ಟವರು ಎಷ್ಟು ಮಂದಿ? ಅದಕ್ಕೇ ಲಿಂಗರಾಜರು ದೊಡ್ಡವರು ಎಂದು ನನ್ನ ಅಭಿಪ್ರಾಯ. ಅವರು ಕೊಟ್ಟದ್ದು ತಮ್ಮ ಸಮಾಜದ ಮಕ್ಕಳಿಗೆ. ಈಗ ನಮ್ಮ ವರ್ಗದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂಡುತ್ತೇವೆ. ಆದ್ದರಿಂದ ವಿದ್ಯೆ ಎಲ್ಲರಿಗೂ ಮುಟ್ಟಬೇಕು.

ಆದರೆ ನಮ್ಮಲ್ಲಿ ಏನಾಗುತ್ತಿದೆ? ಹತ್ತಿ ಬಿಡಿಸುವ ಸುಗ್ಗಿ ಬಂದರೆ ನಮ್ಮ ವರ್ಗದ ಅರ್ಧ ಹುಡುಗಿಯರು ಹೊಲದಾಗ ಇರತಾರ. ನಮ್ಮ ಅಕ್ಕ ಏಳನೇತ್ತೆ ಪಾಸಾದಳು. "ನಾಕು ದಿನ ಹತ್ತಿ ಬಿಡಿಸಿ ಬಾ" ಅಂದರು. ಆ ನಾಕು ದಿನ ಇನ್ನೂ ಮುಗಿದಿಲ್ಲ. ಅವಳು ಲೆಕ್ಕದಲ್ಲಿ ನನಗಿಂತ ಶಾಣ್ಯಾ ಇದ್ದಳು. ಈಗ ಅವ್ವನ ಕೂಡ ಕೂಲಿಗೆ ಹೋಗುತ್ತಾಳೆ. ಬರುವ ವರ್ಷ ನನ್ನ ಪಾಳಿ.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ದೇಸಾಯರು ಹೊಲವನ್ನೇ ಸಾಲಿಗೆ ಕೊಟ್ಟರು. ನೀವು ಹೊಲ ಕೊಡುವುದು ಬ್ಯಾಡ. ಹೊಲದಾಗಿನ ಹುಡುಗರನ್ನು ಸಾಲಿಗೆ ಕೊಡ್ರಿ. ಅಷ್ಟು ಸಾಕು.

ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ ನಿಮ್ಮ ಗೆಳತಿ,
7ನೇ ತರಗತಿ