ಬರ ಕಳೆದ ಮೇಲಿನ ಕಥೆ

ಬರಗಾಲದ ಕಥೆಯನ್ನು ಮಕ್ಕಳಿಗೆ ಹೇಳಬಾರದೆಂದು ವಾದಿಸುವವರು ನಮ್ಮಲ್ಲಿ ಕೆಲವರಿದ್ದಾರೆ. ಎಳೆಯ ಮನಸ್ಸು ನೊಂದೀತೆಂಬುದು ಅವರ ಅಳುಕು. ಐರ್ಲೆಂಡಿನ ಲೇಖಕಿ ಮರೀಟಾ ಕಾನ್ಲನ್-ಮ್ಯಾಕೆನ್ನಾ ಅವರು ಮಕ್ಕಳಿಗಾಗಿ ಬರೆದ ಮೂರು ಕಾದಂಬರಿಗಳು ಈ ವಾದಕ್ಕೆ ತಕ್ಕ ಉತ್ತರವೆಂದು ನಮಗೆ ತೋರುತ್ತದೆ.

1845ರಲ್ಲಿ ಆಲೂಗೆಡ್ಡೆಯ ಪೈರಿಗೆ ಅಂಗಮಾರಿ ರೋಗ ತಗುಲಿ, ಅದನ್ನೇ ನೆಚ್ಚಿದ್ದ ಐರಿಷ್ ಬಡ ರೈತರ ಒಲೆಗಳು ಆರಿದುವು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟರು. ಆಗಲೂ ಧಾನ್ಯವು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಕಾಲು ಎಕರೆಗಿಂತ, ಅಂದರೆ ನಮ್ಮ ಲೆಕ್ಕದ 10 ಗುಂಟೆಗಿಂತ, ಹೆಚ್ಚು ಭೂಮಿಯನ್ನು ಹಿಡಿದವನಿಗೆ ಅದನ್ನು ಬಿಟ್ಟುಕೊಟ್ಟ ಹೊರತು ಸರಕಾರದ ನೆರವು ಇಲ್ಲವೆಂದು 1847ರ ಕಾನೂನು ವಿಧಿಸಿತು. ಗಂಜಿಗಾಗಿ ಹೊಲವನ್ನೇ ತೆತ್ತವನು ಬರ ಕಳೆದ ಮೇಲೆ ಎಲ್ಲಿ ಬಿತ್ತಬೇಕು?

1990ರಲ್ಲಿ ಹೊರಬಂದ 'ಅಂಡರ್ ದಿ ಹಾಥಾರ್ನ್ ಟ್ರೀ' ಎಂಬ ಮೊದಲ ಕಾದಂಬರಿಯಲ್ಲಿ ಐಲಿ, ಮೈಕೇಲ್, ಪೆಗಿ ಎಂಬ ಮೂವರು ಒಡಹುಟ್ಟಿದವರು, ಸತ್ತ ಹಸುಗೂಸು ತಂಗಿಯನ್ನು ಮುಳ್ಳುಮರದಡಿಯಲ್ಲಿ ಬಿಟ್ಟು, ತಾಯಿಯ ಬಾಯಿಂದ ಕೇಳಿದ್ದ ಅಜ್ಜಿಯರ ಊರನ್ನು ಅರಸುತ್ತ ನಡೆದೇ ಹೋಗುತ್ತಾರೆ. ಬೇರೆಯವರಾಗಿದ್ದರೆ ಮಕ್ಕಳು ಊರು ಸೇರಿದೊಡನೆ ಮಂಗಳ ಹಾಡಿಬಿಡುತ್ತಿದ್ದರು. ಈಕೆ ಹಾಡಲಿಲ್ಲ. ಮರುವರ್ಷದ 'ವೈಲ್ಡ್‌ಫ್ಲವರ್ ಗರ್ಲ್' ಕಾದಂಬರಿಯಲ್ಲಿ 13 ವರ್ಷದ ಪೆಗಿ ಒಬ್ಬಳೇ ಹಡಗೇರಿ ಅಮೆರಿಕದ ಬೋಸ್ಟನ್ನಿಗೆ ಹೋಗಿ ಪರರ ಮನೆಯ ಕೆಲಸಕ್ಕೆ ನಿಲ್ಲುತ್ತಾಳೆ. ಅದೇ ವಯಸ್ಸಿನಲ್ಲಿ ಊರು ಬಿಟ್ಟು ಹೋಟೆಲಿನ ಲೋಟ ತೊಳೆಯಲು ನಿಂತ ನಮ್ಮ ಹಿರಿಯರಿಗೆ ಈ ಹುಡುಗಿಯ ಮೊದಲ ರಾತ್ರಿಗಳನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಪುಸ್ತಕವೇ ಹೆಚ್ಚು ಹೆಸರಾಯಿತು. ಆದರೆ ನಾವು ಮೆಚ್ಚುವುದು 1996ರ ಮೂರನೆಯದನ್ನು, 'ಫೀಲ್ಡ್ಸ್ ಆಫ್ ಹೋಮ್' ಅನ್ನು. ಬರ ಹೋಗಿದೆ, ಜಮೀನ್ದಾರಿಕೆ ಹೋಗಿಲ್ಲ. ಗೃಹಿಣಿಯಾದ ಐಲಿಯ ಸಂಸಾರ ಹೊಲ ಬಿಟ್ಟು ಹೊರಬೀಳುವ ಭಯದಲ್ಲಿದೆ. ದೊಡ್ಡಮನೆ ಸುಟ್ಟುಹೋಗಿ ಮೈಕೇಲನ ಮೆಚ್ಚಿನ ಉದ್ಯೋಗವೇ ತಪ್ಪುತ್ತದೆ. (ಪೆಗಿಯನ್ನು ಕರೆಯುವ ಅಮೆರಿಕದ ಹುಲ್ಲುಗಾವಲಿನ ಭಾಗ ಬೇರೊಂದು ಕಥೆಯಂತೆ ತೋರಿದರೆ ತಪ್ಪಲ್ಲ.) ಹಸಿದವನಿಗೆ ಅನ್ನ ಸಿಕ್ಕಿದ ದಿನ ಬರ ಮುಗಿಯುವುದಿಲ್ಲವೆಂಬುದನ್ನು ಹತ್ತು ವರ್ಷದ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಸಣ್ಣ ಕೆಲಸವಲ್ಲ. ಅಳಿಸುವುದು ಇದಕ್ಕಿಂತ ಸುಲಭ.

1876-78ರ ಕ್ಷಾಮದಲ್ಲಿ ಮೈಸೂರು ಸೀಮೆಯೂ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ನಮ್ಮ ಲೇಖಕರು ಅದನ್ನು ಮಕ್ಕಳಿಗಾಗಿ ಬರೆಯುವುದಾದರೆ ಮಳೆ ಬಂದ ಮರುವರ್ಷದಿಂದ ಆರಂಭಿಸಲಿ: ಎತ್ತು ಸತ್ತ ಹೊಲವನ್ನು ಯಾರು ಉತ್ತರು, ಬಿತ್ತನೆಯ ಬೀಜವನ್ನು ಯಾರು ಕೊಟ್ಟರು, ಆ ಸಾಲವನ್ನು ಯಾವ ಮಗ ಎಷ್ಟು ವರ್ಷ ದುಡಿದು ತೀರಿಸಿದನು.