ತಳ ಬಿಡದ ಗಸಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಬಾಂಬಿಗೆಂದು ಪ್ಲುಟೋನಿಯಂ ತೆಗೆದು ಉಳಿದ ವಿಕಿರಣಶೀಲ ತ್ಯಾಜ್ಯ ಸುಮಾರು 21 ಕೋಟಿ ಲೀಟರ್. ಅದಿರುವುದು ನೆಲದಡಿಯ 177 ಟ್ಯಾಂಕುಗಳಲ್ಲಿ. ಈ ಪೈಕಿ 149ಕ್ಕೆ ಉಕ್ಕಿನ ಪದರ ಒಂದೇ. ಇವು ಸೋರುತ್ತವೆಂದು, ಇವುಗಳೊಳಗಿನದನ್ನು ಎರಡು ಪದರದ 28 ಟ್ಯಾಂಕುಗಳಿಗೆ ಸಾಗಿಸುವ ಕೆಲಸ ದಶಕಗಳಿಂದ ನಡೆದಿದೆ. ಈಗ ಕಣ್ಣಿಡಬೇಕಾದದ್ದು ಈ 28ರ ಮೇಲೆ.

ಟ್ಯಾಂಕು ಖಾಲಿ ಮಾಡುವಾಗ ಮೇಲಿನ ದ್ರವವನ್ನು ಪಂಪು ಎಳೆದುಕೊಳ್ಳುತ್ತದೆ, ತಕರಾರೆಲ್ಲ ತಳದ್ದು. ಯುದ್ಧಕಾಲದ ಅವಸರದಲ್ಲಿ ಮೊದಲ ಟ್ಯಾಂಕುಗಳನ್ನು ಅಗ್ಗದ ಕಾರ್ಬನ್ ಸ್ಟೀಲಿನಲ್ಲಿ ಕಟ್ಟಿದರು. ತ್ಯಾಜ್ಯದಲ್ಲಿನ ಆಮ್ಲ ಉಕ್ಕನ್ನು ತಿಂದುಹಾಕದಿರಲೆಂದು ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರು. ಕಬ್ಬಿಣ, ಅಲ್ಯೂಮಿನಿಯಂ, ಜೊತೆಗೆ ಸ್ಟ್ರಾನ್ಷಿಯಂ-90 ಗಸಿಯಾಗಿ ಇಳಿದವು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹರಳುಗಟ್ಟಿ ಗಟ್ಟಿಯಾಯಿತು. ಒಳಗೆ ಮನುಷ್ಯ ಇಳಿಯುವ ಮಾತೇ ಇಲ್ಲ. ಒಂದಡಿ ಅಗಲದ ಕೊಳವೆಯ ಬಾಯಿಂದ ಯಂತ್ರದ ತೋಳು ಇಳಿಬಿಟ್ಟು ನೀರು ಚಿಮ್ಮಿಸಬೇಕು. ಸಿ-107 ಟ್ಯಾಂಕಿಗೆ ದೊಡ್ಡ ತೋಳು ಇಳಿಸಲು ಕಾಂಕ್ರೀಟ್ ಗುಮ್ಮಟವನ್ನೇ ಸುಮಾರು ನಾಲ್ಕೂವರೆ ಅಡಿ ಅಗಲಕ್ಕೆ ಕೊರೆದರು. ನೀರಿಗೆ ಬಗ್ಗದ ಗಸಿಯನ್ನು ಮತ್ತೆ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಕು, ಇಲ್ಲವೇ ಆಕ್ಸಾಲಿಕ್ ಆಮ್ಲ ಬಿಡಬೇಕು. ಆಮ್ಲವೋ, ಗಸಿಯ ಜೊತೆ ಉಕ್ಕನ್ನೂ ಸವೆಸುತ್ತದೆ. ತೂತಾದ ಟ್ಯಾಂಕಿಗೆ ನೀರು ಬಿಟ್ಟರೆ ಅದು ಮಣ್ಣಿಗೇ ಇಳಿದೀತು. ಇಷ್ಟೆಲ್ಲ ಆಗಿ 75 ಅಡಿ ವ್ಯಾಸದ ಟ್ಯಾಂಕಿನಲ್ಲಿ 360 ಘನ ಅಡಿ ಉಳಿದರೆ ಸ್ವಚ್ಛತೆಯ ಒಪ್ಪಂದದ ಲೆಕ್ಕದಲ್ಲಿ ಅದು ಪಾಸು. ಸಮನಾಗಿ ಹರಡಿದರೆ ತಳದುದ್ದಕ್ಕೂ ಒಂದಂಗುಲ!

ಎರಡು ಪದರ ಇದೆಯಲ್ಲ ಎನ್ನುವವರು ಎವೈ-102 ಟ್ಯಾಂಕನ್ನು ನೋಡಲಿ. ಒಳಪದರ ಸೋರುತ್ತಿರುವುದು 2012ರಲ್ಲೇ ಖಚಿತವಾಗಿತ್ತು. ಖಾಲಿ ಮಾಡಲು ಕೈಹಾಕಿದ್ದು 2016ರ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಎರಡು ಗೋಡೆಗಳ ನಡುವೆ ಸುಮಾರು ಎಂಟು ಅಂಗುಲ ತ್ಯಾಜ್ಯ ನಿಂತಿತು. ಅಲ್ಲಿಯವರೆಗೆ ತೂತಿಗೆ ಬಿರಡೆಯಾಗಿದ್ದದ್ದು ಗಸಿಯೇ ಇರಬೇಕು. ಹೊರಪದರ ತಡೆಯಿತು, ಸುರಿಯಲು ಬೇರೆ ಟ್ಯಾಂಕಿನಲ್ಲಿ ಜಾಗವೂ ಇತ್ತು. ಎವೈ-102ನ್ನು ಕೈಬಿಟ್ಟ ಮೇಲೆ ಬಳಕೆಗೆ ಉಳಿದವು 27. ಅವುಗಳಲ್ಲಿ ತೀರಾ ಹೊಸದು ಎಂದರೆ 1986ರದ್ದು.

ಮುಂದೆ ಇಂಥ ಒಂದೆರಡು ಟ್ಯಾಂಕು ಒಟ್ಟಿಗೇ ಕೈಕೊಟ್ಟರೆ ಸುರಿಯುವುದೆಲ್ಲಿ? ತ್ಯಾಜ್ಯವನ್ನು ಗಾಜಿನಲ್ಲಿ ಹುದುಗಿಸುವ ಸ್ಥಾವರದ ಕೆಲಸ ಶುರುವಾದದ್ದು 2002ರಲ್ಲಿ, ಅತಿ ವಿಕಿರಣಶೀಲ ಗಸಿಗೆಂದಿರುವ ಭಾಗ ಇನ್ನೂ ಮುಗಿದಿಲ್ಲ. ಕೊಲಂಬಿಯಾ ನದಿ ಕೆಲವೇ ಮೈಲಿ ದೂರ. ಹೊಸ ಟ್ಯಾಂಕುಗಳಿಗೆ ಅಮೆರಿಕದ ಇಂಧನ ಇಲಾಖೆ ಈಗಲೇ ಹಣ ಎತ್ತಿಡಬೇಕು. ಗಸಿ ದಪ್ಪಗಿರುವ ಟ್ಯಾಂಕುಗಳಿಗೆ ಕೈಹಾಕಲು ಸೋರಿಕೆಯ ಸುದ್ದಿ ಬರುವವರೆಗೆ ಕಾಯಬಾರದು.