ಅಂಕಪಟ್ಟಿ ಸಾಲದು

ನರ್ಸಿಂಗ್ ಪ್ರವೇಶಕ್ಕೆ ಸಂದರ್ಶನವೇಕೆ, ಅಂಕವೇ ಸಾಕು ಎಂಬ ಲೇಖನ ಓದಿ ಸಿಟ್ಟು ಬಂತು. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಕುಡಿಯುವ ನೀರಿಗೂ ಪರದಾಡಿದ್ದನ್ನು 2013ರ ಫ್ರಾನ್ಸಿಸ್ ವರದಿ ದಾಖಲಿಸಿತು. ಸಿಬ್ಬಂದಿ ಕಡಿಮೆಯಿದ್ದರು, ನಿಜ. ಆದರೆ ಕರುಣೆ ಬತ್ತಿದ್ದನ್ನೂ ವರದಿ ಮುಚ್ಚಿಡಲಿಲ್ಲ. ಆ ಬಳಿಕ ಅಲ್ಲಿನ ವಿಶ್ವವಿದ್ಯಾಲಯಗಳು ಅಭ್ಯರ್ಥಿಯ ಮನೋಭಾವ ನೋಡುವ ಸಂದರ್ಶನಕ್ಕೆ ಹೆಚ್ಚು ಒತ್ತು ಕೊಟ್ಟವು. ಹಲವೆಡೆ ಅಭ್ಯರ್ಥಿ ಮೇಜಿನಿಂದ ಮೇಜಿಗೆ ಸಾಗಬೇಕು: ಒಂದೊಂದು ಮೇಜಿನಲ್ಲಿ ಕೆಲವೇ ನಿಮಿಷ, ಒಂದೊಂದು ಸನ್ನಿವೇಶ. ಮಾತ್ರೆ ಬೇಡವೆಂದು ಮುಖ ತಿರುಗಿಸುವ ಅಜ್ಜಿಗೆ ಏನು ಹೇಳುತ್ತೀರಿ? ಇದಕ್ಕೆ ಗೈಡಿನಲ್ಲಿ ಉತ್ತರ ಸಿಗದು.

ಸಂದರ್ಶನವೆಂದರೆ ವಶೀಲಿ ಎಂಬ ಲೇಖಕರ ಭಯ ನನಗೂ ಇದೆ. ಹಾಗೆಂದೇ ಪ್ರತಿ ಮೇಜಿನಲ್ಲೂ ಬೇರೆಯವರು ಅಂಕ ಹಾಕಬೇಕು. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು; ಒಗ್ಗದವರು ಸೇರಿದರೆ ಆ ವರ್ಷಗಳೂ ಹಣವೂ ವ್ಯರ್ಥ. ಮೊದಲ ಬಾರಿ ಬೆಡ್‌ಪ್ಯಾನ್ ಎತ್ತುವಾಗ ಬೆಚ್ಚಿಬೀಳುವ ಹುಡುಗಿಯನ್ನು, ಫೀಸು ಕಟ್ಟಿಸಿಕೊಳ್ಳುವ ಮೊದಲೇ ಯಾರಾದರೂ ಕೂರಿಸಿಕೊಂಡು ಮಾತಾಡಿಸಲಿ.